ಬಾಡಿ ಕೊಡೋದು, ಬಾಡಿ ಆಗೋದು: ಬೈಕಿನ ‘ಅರ್ತ್’ಗೆ ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದ ಕೇಳೋಣ ಅಂತ ಕೂತೆ, ಅದರ ಬಾಲ ಹಿಡಿದು ಇನ್ನೂ ನಾಲ್ಕು ಬಂದುವು. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಮ್ಮದು ತೀರ್ಥಹಳ್ಳಿ ಕಡೆ. ಕೊಟ್ಟಿಗೆಯ ಮೂಲೆಯಲ್ಲಿ ಒಂದು ಹಳೇ ಯೆಜ್ಡಿ ಬೈಕು ಇದೆ, ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ, ಅದಕ್ಕೆ ಎಷ್ಟೋ ವರ್ಷ ಮೊದಲಿನ ಗಾಡಿ. ನನ್ನ ಕೈಗೆ ಬರೋ ಮುಂಚೆ ಯಾರೋ ಪುಣ್ಯಾತ್ಮರು ಇದಕ್ಕೆ ‘ಆಲ್ಟ್ರೇಷನ್’ ಮಾಡಿಸಿದ್ದರು. ಸೀಟು ಕತ್ತರಿಸಿ ಗಿಡ್ಡ ಮಾಡಿ, ಹ್ಯಾಂಡಲ್ ಬದಲಿಸಿ, ಬೇರೆ ಯಾವುದೋ ಗಾಡಿಯ ಹೆಡ್‌ಲೈಟ್ ಕೂರಿಸಿದ್ದರು. (ಆಲ್ಟ್ರೇಷನ್ ಅನ್ನೋ ಮಾತು ನನಗೆ ಇಷ್ಟ. ದರ್ಜಿ ಪ್ಯಾಂಟಿಗೆ ಮಾಡೋದೂ ಅದೇ, ಮೆಕ್ಯಾನಿಕ್ ಬೈಕಿಗೆ ಮಾಡೋದೂ ಅದೇ. ‘ಕಸ್ಟಮ್’ ಅಂದರೆ ನಮ್ಮೂರಲ್ಲಿ ಯಾರಿಗೂ ತಿಳಿಯಲ್ಲ, ಏರ್‌ಪೋರ್ಟಲ್ಲಿ ಬ್ಯಾಗ್ ತಡೆಯುವವರು ನೆನಪಾಗ್ತಾರೆ ಅಷ್ಟೇ.)

ಈ ಬೇಸಿಗೆಯಲ್ಲಿ ಅದರ ವೈರಿಂಗ್ ಪೂರ್ತಿ ಕಿತ್ತು ಹೊಸದಾಗಿ ಎಳೆದೆ. ಎಳೆದದ್ದನ್ನು ಒಂದು ದೊಡ್ಡ ಹಾಳೆಯಲ್ಲಿ ಬರೆದಿಡಬೇಕು, ಅದೂ ಕನ್ನಡದಲ್ಲೇ ಬರೆಯಬೇಕು, ನಾಳೆ ಯಾರು ಬಿಚ್ಚಿದರೂ ಓದಿ ತಿಳಿಯಬೇಕು ಅಂತ ಆಸೆ. ಸ್ವಿಚ್ಚು, ಬಲ್ಬು, ಹಾರನ್ನು, ಬ್ಯಾಟರಿ, ಫ್ಯೂಸು ಇವೆಲ್ಲ ಯಾವತ್ತೋ ಕನ್ನಡವಾಗಿವೆ, ಅವಕ್ಕೆ ನಾನೇನೂ ಕಷ್ಟಪಡಲಿಲ್ಲ. ಕೆಲವು ಕಡೆ ಪದ ತಾನಾಗೇ ಬಂತು. ಒಂದು ಕಡೆ ಮಾತ್ರ ಸಿಕ್ಕಿಹಾಕಿಕೊಂಡೆ.

ತಾನಾಗೇ ಬಂದದ್ದನ್ನು ಮೊದಲು ಹೇಳಿಬಿಡ್ತೀನಿ. ಟ್ಯಾಂಕು ಇಳಿಸಿ, ಅದರ ಅಡಿಯ ಕಪ್ಪು ಟೇಪು ಬಿಚ್ಚಿದರೆ ಬೆರಳೆಲ್ಲ ಅಂಟಂಟು. ಒಳಗೆ ಒಂದು ವೈರು ಕೆಂಪಾಗಿ ಹೊರಟು, ಒಂದು ಗೇಣು ಹೋಗಿ ಹಳದಿಯಾಗಿ, ಆಮೇಲೆ ಮನೆ ವೈರಿಂಗಿನ ದಪ್ಪ ಕರಿ ವೈರಾಗಿ ಹೆಡ್‌ಲೈಟ್ ಮುಟ್ಟುತ್ತಿತ್ತು. ಎಲ್ಲ ಕೈಯಲ್ಲಿ ಹೊಸೆದ ಜಾಯಿಂಟು, ದೀಪದ ಬತ್ತಿ ಹೊಸೆದ ಹಾಗೆ. ಒಂದು ಜಾಯಿಂಟು ಬಿಡಿಸಿದಾಗ ತಾಮ್ರದ ಎಳೆಗಳ ಮೇಲೆ ಹಸಿರು ಪುಡಿ. ಮಗನ ಹತ್ತಿರ ‘ತುಕ್ಕು ಹಿಡಿದಿದೆ ನೋಡು’ ಅಂದೆ. ಪಕ್ಕದಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ ಅಮ್ಮ ಬಗ್ಗಿ ನೋಡಿ, ‘ತುಕ್ಕು ಕಬ್ಬಿಣಕ್ಕೆ ಹಿಡಿಯೋದು. ಅದು ಕಿಲುಬು. ಹುಣಸೆಹಣ್ಣು ಹಾಕಿ ತಿಕ್ಕು’ ಅಂದರು.

ಕಿಲುಬು! ಈ ಪದ ಕೇಳಿ ಎಷ್ಟು ವರ್ಷ ಆಗಿತ್ತು. ತಾಮ್ರ, ಹಿತ್ತಾಳೆಗೆ ಹಿಡಿಯುವ ಹಸಿರಿಗೇ ಮೀಸಲಾದ ಪದ. ತೆಲುಗಿನಲ್ಲಿ ಇದೇ ‘ಚಿಲುಮು’. ನಮ್ಮ ಕಿವಿ ಅಲ್ಲಿ ಚೆವಿ ಆಗುವ ಹಾಗೆ. ತಮಿಳಿನವರು ‘ಕಳಿಂಬು’ ಅಂತಾರೆ. ಬೈಕಿನ ವಿಚಾರದಲ್ಲಿ ಇದು ಬರೀ ಚಂದದ ಪದವಲ್ಲ, ರೋಗದ ಹೆಸರೇ ಇದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಬೀಳುತ್ತೆ, ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಲ್ಲಿ ಒದ್ದೆಯಾದ ಗೋಣಿಚೀಲ ಸೆಪ್ಟೆಂಬರ್‌ವರೆಗೆ ಒಣಗಲ್ಲ. ತೆರೆದ ಜಾಯಿಂಟು ಕಿಲುಬು ಹಿಡಿಯದೆ ಇನ್ನೇನಾಗುತ್ತೆ? 6 ವೋಲ್ಟಿನ ಗಾಡಿಗೆ ಈ ಕಿಲುಬು ಜಾಸ್ತಿ ತೊಂದರೆ. 35 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 3 ಆಂಪ್ ಎಳೆದರೆ, 6 ವೋಲ್ಟಿನಲ್ಲಿ ಸುಮಾರು 6 ಆಂಪ್ ಎಳೆಯುತ್ತೆ. ದಾರಿಯಲ್ಲಿ ಒಂದು ಓಮ್‌ನ ಐದನೇ ಒಂದು ಪಾಲು ಅಡ್ಡಿ ಇದ್ದರೂ ಸಾಕು, ಆರರಲ್ಲಿ ಹೆಚ್ಚುಕಡಿಮೆ ಒಂದು ವೋಲ್ಟ್ ಅಲ್ಲೇ ಮಾಯ. ಬೆಳಕು ಚಿಮಣಿ ದೀಪದ ಹಾಗೆ.

ಹೊಸ ವೈರಿನ ತುದಿಗೆ ಬೆಸುಗೆ ಹಾಕೋ ಮೊದಲು ಎಳೆಗಳಿಗೆ ತೆಳುವಾಗಿ ತವರ ಹಿಡಿಸುತ್ತೀವಲ್ಲ, ಅದಕ್ಕೆ ಹಾಳೆಯಲ್ಲಿ ‘ಟಿನ್ನಿಂಗ್’ ಅಂತ ಬರೆದಿದ್ದೆ. ಅಮ್ಮನ ಕಿಲುಬಿನ ನಂತರ ಅದನ್ನೂ ಹೊಡೆದುಹಾಕಿ ‘ಕಲಾಯಿ’ ಅಂತ ಬರೆದೆ. ತಾಮ್ರದ ಹಂಡೆಯ ಒಳಗೆ ಕಲಾಯಿಯವನು ಮಾಡುತ್ತಿದ್ದದ್ದು ಇದನ್ನೇ ಅಲ್ವಾ? ತಾಮ್ರ ಕಾಯಿಸು, ತವರ ಕರಗಿಸಿ ಹರಡು, ಕಿಲುಬು ಹಿಡಿಯದ ಹಾಗೆ ಮಾಡು. ಒಂದೇ ವ್ಯತ್ಯಾಸ, ಅವನು ನವಸಾಗರ ಹಾಕುತ್ತಿದ್ದ. ವೈರಿಗೆ ಅದನ್ನು ಹಾಕಬೇಡಿ, ಒಳಗೇ ಉಳಿದು ತಾಮ್ರ ತಿನ್ನುತ್ತೆ. ರಾಳ ಇರುವ ಬೆಸುಗೆ ತಂತಿ ಸಾಕು.

ಇಷ್ಟೆಲ್ಲ ಸಲೀಸಾಗಿ ಬಂತು. ಸಿಕ್ಕಿಹಾಕಿಕೊಂಡಿದ್ದು ‘ಅರ್ತ್’ (ಇಂಗ್ಲಿಷಿನ earth) ಹತ್ತಿರ, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗಲಿ ಅಂತ ವೈರನ್ನು ಗಾಡಿಯ ಮೈಗೆ ಜೋಡಿಸುತ್ತೀವಲ್ಲ, ಅದು.

ನಾನು ಮೊದಲು ಬರೆದದ್ದು ‘ಅರ್ಥ್’. ಅವಸರದಲ್ಲಿ ಅರ್ಧ ಕಡೆ ಕೊನೆಯ ಅರ್ಧಾಕ್ಷರದ ಗುರುತು ಹಾಕದೆ ‘ಅರ್ಥ’ ಅಂತಾಗಿತ್ತು. ಪಕ್ಕದ ಮನೆಯ ಹುಡುಗ ಹಾಳೆ ಹಿಡಿದು ಜೋರಾಗಿ ಓದಿದ: ‘ಹಾರನ್ನಿಗೆ ಅರ್ಥ ಇಲ್ಲಿ. ಟೈಲ್ ಲೈಟಿಗೆ ಅರ್ಥ ಇಲ್ಲಿ. ಇದರ ಅರ್ಥ ಏನು ಮಾವ?’ ಸರಿ, ಅದನ್ನು ಬಿಟ್ಟೆ.

ಪಠ್ಯಪುಸ್ತಕದ ‘ಭೂಸಂಪರ್ಕ’ ಇದೆ. ಮನೆಗೆ, ಪಂಪ್‌ಸೆಟ್ಟಿಗೆ ಅದು ಸರಿ. ಅಲ್ಲಿ ನಿಜವಾಗಿಯೂ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ಭೂಮಿಗೇ ಕೊಡ್ತೀವಿ. ಬೈಕಿಗೆ ಭೂಮಿ ಎಲ್ಲಿ ಬಂತು? ಎರಡು ರಬ್ಬರ್ ಚಕ್ರದ ಮೇಲೆ ನಿಂತಿದೆ. ಬ್ಯಾಟರಿಯಿಂದ ಹೊರಟ ಕರೆಂಟು ಬಲ್ಬು ದಾಟಿ, ಗಾಡಿಯ ಕಬ್ಬಿಣದ ಮೈಯಲ್ಲೇ ಹಾದು ಬ್ಯಾಟರಿಗೆ ವಾಪಸ್ ಬರುತ್ತೆ, ಅಷ್ಟೇ. ಮಣ್ಣಿಗೂ ಅದಕ್ಕೂ ಸಂಬಂಧವೇ ಇಲ್ಲ.

‘ಮೈನಸ್’ ಅನ್ನೋಣ ಅಂದರೆ ಅದೂ ಪೂರ್ತಿ ನಿಜ ಅಲ್ಲ. ಹಳೇ ಬ್ರಿಟಿಷ್ ಗಾಡಿಗಳಲ್ಲಿ, ಟ್ರಯಂಫ್, ಬಿಎಸ್‌ಎ, ನಾರ್ಟನ್ ತರದವುಗಳಲ್ಲಿ, ಬ್ಯಾಟರಿಯ ಪ್ಲಸ್ಸನ್ನೇ ಮೈಗೆ ಕೊಡುತ್ತಿದ್ದರು. ಬಣ್ಣ ನಂಬೋ ಹಾಗೂ ಇಲ್ಲ. ಅಂಥವುಗಳಲ್ಲಿ ಕೆಂಪು ವೈರೇ ಅರ್ತ್ ಇರುತ್ತೆ, ಹೋಂಡಾದಲ್ಲಿ ಹಸಿರು, ಯಮಹಾದಲ್ಲಿ ಕಪ್ಪು. ಲೈನ್‌ಮನ್‌ಗಳ ‘ನ್ಯೂಟ್ರಲ್’ ಅಂತೂ ಬೇಡವೇ ಬೇಡ, ಬೈಕಲ್ಲಿ ನ್ಯೂಟ್ರಲ್ ಅಂದರೆ ಗೇರು. ಸ್ನೇಹಿತರೊಬ್ಬರು ‘ಮರಳು ತಂತಿ’ ಅಂದರು, ಮರಳಿ ಬರುವ ತಂತಿ ಅಂತ. ತುಂಗಾ ನದಿ ದಂಡೆಯ ಊರಲ್ಲಿ ಮರಳು ಅಂದರೆ ಲಾರಿ ಲೋಡೇ ಕಣ್ಣಿಗೆ ಬರೋದು.

ಉಳಿದಿದ್ದು ಮೆಕ್ಯಾನಿಕ್‌ಗಳ ‘ಬಾಡಿ’. ನನ್ನ ಪ್ರಕಾರ ಇದು ಭೂಸಂಪರ್ಕಕ್ಕಿಂತ ಸರಿಯಾದ ಪದ. ಕರೆಂಟು ನಿಜವಾಗಿ ಎಲ್ಲಿ ಹರಿಯುತ್ತೋ ಅದನ್ನೇ ಹೇಳುತ್ತೆ. ಅದಕ್ಕಿಂತ ಚೆನ್ನಾಗಿರೋದು ಅದರ ಜೊತೆ ಬರೋ ಕ್ರಿಯಾಪದಗಳು. ‘ಬಾಡಿ ಕೊಡು’ ಅಂದರೆ ಬೇಕು ಅಂತಲೇ ವೈರನ್ನು ಮೈಗೆ ಜೋಡಿಸೋದು. ‘ಬಾಡಿ ಆಗಿದೆ’ ಅಂದರೆ ಬೇಡದ ವೈರು, ಸಿಪ್ಪೆ ಸವೆದು, ಎಲ್ಲೋ ಮೈಗೆ ತಾಗಿ ಫ್ಯೂಸು ಹೋಗ್ತಿದೆ ಅಂತ. ‘ಬಾಡಿ ಸಿಗ್ತಿಲ್ಲ’ ಅಂದರೆ ಕೊಟ್ಟಿದ್ದೀವಿ, ಆದರೆ ನಡುವೆ ಪೇಂಟೋ ತುಕ್ಕೋ ಇದೆ. ಕೊಡು, ಆಗು, ಸಿಗು. ಮೂರು ಸಣ್ಣ ಮಾತಲ್ಲಿ ಮೂರು ಬೇರೆ ಬೇರೆ ಸ್ಥಿತಿ. ಮನೆ ಕರೆಂಟಿಗೆ ಬಂದರೆ ‘ಅರ್ತ್ ಹೊಡೀತದೆ’ ಅಂತ ನಾಲ್ಕನೆಯದೂ ಇದೆ, ಪಂಪ್‌ಸೆಟ್ ಪೆಟ್ಟಿಗೆ ಮುಟ್ಟಿದಾಗ ಜುಂ ಅನ್ನುತ್ತಲ್ಲ, ಅದು. ಬೈಕಲ್ಲಿ ಅರ್ತ್ ಹೊಡೆಯಲ್ಲ, ಪ್ಲಗ್ಗಿನ ವೈರು ಮಾತ್ರ ಹೊಡೆಯುತ್ತೆ. ಅದನ್ನು ಹಿಡಿದವರು ಮರೆಯಲ್ಲ.

ಈ ‘ಸಿಗ್ತಿಲ್ಲ’ ನನ್ನನ್ನು ಎರಡು ದಿನ ಕುಣಿಸಿತು. ಹೊಸ ವೈರಿಂಗ್ ಎಲ್ಲ ಆದ ಮೇಲೆ ಬ್ರೇಕ್ ಒತ್ತಿದರೆ ಬ್ರೇಕ್ ಲೈಟ್ ಮಂಕು, ಜೊತೆಗೆ ಹಿಂದಿನ ಇಂಡಿಕೇಟರು ಸಣ್ಣಗೆ ಮಿಣುಕುತ್ತಿತ್ತು. ಇಂಡಿಕೇಟರ್ ಹಾಕೇ ಇಲ್ಲ! ನೋಡಿದರೆ ಆಲ್ಟ್ರೇಷನ್ ಮಾಡಿದವರು ಫ್ರೇಮಿಗೆ ದಪ್ಪಗೆ ಬಣ್ಣ ಬಳಿದು ಅದರ ಮೇಲೇ ಲೈಟಿನ ಬೋಲ್ಟು ಬಿಗಿದಿದ್ದರು. ಮೈ ಸಿಗದ ಕರೆಂಟು ಪಕ್ಕದ ಬಲ್ಬಿನ ಒಳಗೆ ನುಸುಳಿ ಬೇರೆ ದಾರಿ ಹುಡುಕುತ್ತಿತ್ತು. ಒಂದು ರೂಪಾಯಿ ನಾಣ್ಯದಷ್ಟು ಜಾಗದ ಬಣ್ಣ ಕೆರೆದು, ಬಿಳಿ ಕಬ್ಬಿಣ ಕಾಣಿಸಿ, ಹಲ್ಲಿರುವ ವಾಷರ್ ಹಾಕಿ ಬಿಗಿದೆ, ಮೇಲೆ ಸ್ವಲ್ಪ ಗ್ರೀಸು. ಸರಿಹೋಯ್ತು.

ಅದಕ್ಕೇ ಹಾಳೆಯಲ್ಲಿ ಆ ಜಾಗಕ್ಕೆ ಗುಂಡು ಸುತ್ತಿ ‘ಇಲ್ಲಿ ಬಾಡಿ ಕೊಟ್ಟಿದೆ’ ಅಂತ ದಪ್ಪಕ್ಷರದಲ್ಲಿ ಬರೆದೆ. ಅಮ್ಮ ಓದಿ ಮುಖ ಸಿಂಡರಿಸಿದರು. ‘ಆಸ್ಪತ್ರೆ ಹಿಂಬಾಗಿಲಲ್ಲಿ ಕೇಳೋ ಮಾತಾಯ್ತಲ್ಲೋ ಇದು. ಬಾಡಿ ಕೊಟ್ಟರಾ, ಬಾಡಿ ಬಂತಾ.’ ಆ ಮೇಲೆ ನನಗೂ ಅದನ್ನು ಬೇರೆ ಥರ ಓದಲು ಆಗ್ತಿಲ್ಲ.

ಈಗ ‘ಮೈ’ ಅಂತ ತಿದ್ದಿದ್ದೀನಿ. ‘ಮೈಗೆ ಕೊಟ್ಟಿದೆ’ ಸರಿ. ‘ಮೈಗೆ ತಾಗಿದೆ’ ಕೂಡ ಸರಿ, ಕೇಳಿದ ತಕ್ಷಣ ತಪ್ಪು ಆಗಿದೆ ಅಂತ ತಿಳಿಯುತ್ತೆ. ‘ಮೈ ಸಿಗ್ತಿಲ್ಲ’ ಮಾತ್ರ ಕಿವಿಗೆ ಒಗ್ಗುತ್ತಿಲ್ಲ. ‘ಮೈ ಹತ್ತುತ್ತಿಲ್ಲ’ ಅಂತ ಹೊಳೆಯಿತು, ಉಂಡದ್ದು ಮೈ ಹತ್ತಲ್ಲ ಅಂತೀವಲ್ಲ, ಹಾಗೆ. ನನಗೆ ಹಿಡಿಸಿದೆ, ಆದರೆ ನಾನೇ ಕಟ್ಟಿದ ಪದ ನನಗೆ ಹಿಡಿಸೋದು ದೊಡ್ಡ ಮಾತಲ್ಲ.

ಇನ್ನೊಂದು ಚಿಕ್ಕದು. ವೈರು ತುಂಡಾಗಿದ್ದರೆ ಪುಸ್ತಕದಲ್ಲಿ ‘ತೆರೆದ ಮಂಡಲ’ ಅಂತಾರೆ. ನಮ್ಮ ಕಿವಿಗೆ ನಲ್ಲಿ ತೆರೆದರೆ ನೀರು ಬರಬೇಕು, ಮಂಡಲ ತೆರೆದರೆ ಕರೆಂಟು ನಿಲ್ಲೋದು ಹೇಗೆ? ನಾನು ‘ಕಡಿದಿದೆ’ ಅಂತ ಬರೆದು ಮುಂದೆ ಹೋದೆ.

ಹಾಗಾಗಿ ಕೇಳ್ತಿರೋದು ಇಷ್ಟು. ಧಾರವಾಡ, ಬೆಳಗಾವಿ ಕಡೆಯ ಗ್ಯಾರೇಜುಗಳಲ್ಲಿ, ಮಂಗಳೂರು, ಕುಂದಾಪುರದ ಕಡೆ, ಕಲಬುರಗಿಯಲ್ಲಿ, ಇದಕ್ಕೆ ಬಾಡಿ ಅಂತಲೇ ಅಂತಾರಾ, ಅರ್ತ್ ಅಂತಾರಾ, ಬೇರೆ ಏನಾದರೂ ಇದೆಯಾ? ಜೊತೆಗೆ ಬರೋ ಕ್ರಿಯಾಪದ ಯಾವುದು ಅನ್ನೋದನ್ನೂ ತಪ್ಪದೆ ಬರೆಯಿರಿ, ನನಗೆ ಮುಖ್ಯವಾಗಿ ಬೇಕಿರೋದು ಅದು. ನಿಘಂಟು ನೋಡಿ ಹೇಳೋದಕ್ಕಿಂತ ಹತ್ತಿರದ ಗ್ಯಾರೇಜಿನಲ್ಲಿ ಐದು ನಿಮಿಷ ನಿಂತು ಕೇಳಿಸಿಕೊಂಡು ಹೇಳಿದರೆ ಇನ್ನೂ ಒಳ್ಳೇದು. ಹಾಳೆಯಲ್ಲಿ ಆ ಒಂದು ಪದ ಮಾತ್ರ ಪೆನ್ಸಿಲ್‌ನಲ್ಲಿದೆ. ಮಳೆ ಹಿಡಿಯೋ ಮೊದಲು ಪೆನ್ನಿನಲ್ಲಿ ಬರೆದು ಲ್ಯಾಮಿನೇಷನ್ ಮಾಡಿಸಬೇಕು.