ಬೆಳಕಿನ ಚಿಕಿತ್ಸೆಗೆ ಮುಂಚೆ ಹಕ್ಕಳೆ ಕೆರೆಯಲೇಬೇಕಾ?

ಪ್ರಶ್ನೆ:
ಅಮ್ಮನ ಮೊಣಕಾಲ ಕೆಳಗೆ ಕೆಂಪು ಮಚ್ಚೆ, ಮೇಲೆಲ್ಲ ಒರಟು ಹಕ್ಕಳೆ. ಬಯಾಪ್ಸಿಯಲ್ಲಿ ಬೋವೆನ್ ಕಾಯಿಲೆ ಅಂತ ಬಂತು, ಮೇಲ್ಪದರದಲ್ಲೇ ಇರುವ ಕ್ಯಾನ್ಸರ್. ಕ್ರೀಮ್ ಹಚ್ಚಿ, ಮೂರು ಗಂಟೆ ಕಟ್ಟು ಹಾಕಿ, ಕೆಂಪು ಬೆಳಕು ಬಿಟ್ಟರು. ಮೂರು ತಿಂಗಳಾಯ್ತು. ಅಂಚೆಲ್ಲ ವಾಸಿಯಾಗಿದೆ, ನಡುವೆ ಉಗುರಿನಷ್ಟು ಜಾಗ ಮಾತ್ರ ಹಾಗೇ ಇದೆ. "ಅಲ್ಲಿ ಔಷಧಿ ಇಳಿದಿಲ್ಲ, ಈ ಸಲ ಚೆನ್ನಾಗಿ ಕೆರೆದು ಮಾಡೋಣ" ಅಂದರು ಡಾಕ್ಟರು. ಕ್ರೀಮ್ ಒಳಗಿಳಿಯೋದು ಅಷ್ಟು ಕಷ್ಟವಾ? ಹಕ್ಕಳೆ ಮನೆಯಲ್ಲೇ ತೆಗೆದುಬಿಡಲಾ? ಹೋದ ಸಲದ ಉರಿಗೇ ಅಮ್ಮ ಅತ್ತುಬಿಟ್ಟರು.

ಉತ್ತರ 1:
ಚರ್ಮರೋಗ ವಿಭಾಗದಲ್ಲಿ ನರ್ಸ್ ನಾನು, ಈ ಕ್ರೀಮ್ ಹಚ್ಚೋದೇ ನನ್ನ ಕೆಲಸ. ದಯವಿಟ್ಟು ಮನೆಯಲ್ಲಿ ಕೀಳಬೇಡಿ. ವಯಸ್ಸಾದವರ ಕಾಲಿನ ಗಾಯ ಬೇಗ ಮಾಯೋದಿಲ್ಲ, ಕೀವಾದರೆ ಚಿಕಿತ್ಸೆಯೇ ಮುಂದೆ ಹೋಗುತ್ತೆ.

ಚರ್ಮದ ತೀರಾ ಮೇಲಿನ ಸತ್ತ ಪದರ ಸಾಮಾನ್ಯವಾಗಿ 10–20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ದಪ್ಪ, ಅಷ್ಟೇ. ಆದರೆ ಅದರ ಸಂದಿಗಳಲ್ಲೆಲ್ಲ ಕೊಬ್ಬು ತುಂಬಿರುತ್ತೆ. ಈ ಚಿಕಿತ್ಸೆಯ ಕ್ರೀಮಿಗೆ ಹಾಕುವ ಔಷಧಿ ಅಮಿನೋಲೆವುಲಿನಿಕ್ ಆಮ್ಲ ನೀರಿಗೆ ಒಗ್ಗುವ ವಸ್ತು, ಕೊಬ್ಬನ್ನು ಸುಲಭವಾಗಿ ದಾಟಲ್ಲ. ಅದಕ್ಕೇ ಅದರ ಮೀಥೈಲ್ ರೂಪವನ್ನೂ ಮಾಡಿದ್ದಾರೆ, ಅದು ಕೊಬ್ಬಿಗೆ ಸ್ವಲ್ಪ ಹೆಚ್ಚು ಒಗ್ಗುತ್ತೆ. ಮೇಲೆ ದಪ್ಪ ಹಕ್ಕಳೆ ಕೂತಿದ್ದರೆ ಎರಡಕ್ಕೂ ದಾರಿ ಇಲ್ಲ.

ನಾವು ಉಪ್ಪುನೀರಿನಲ್ಲಿ ನೆನೆಸಿದ ಗಾಜ್ ಇಟ್ಟು ಹಕ್ಕಳೆಯನ್ನು ಮೆತ್ತಗೆ ಮಾಡಿ, ಕ್ಯುರೆಟ್ ಅನ್ನೋ ಕೆರೆಯುವ ಸಣ್ಣ ಉಪಕರಣದಿಂದ ಹಗುರವಾಗಿ ಕೆರೆಯುತ್ತೇವೆ. ರಕ್ತ ಹರಿಯುವಷ್ಟು ಕೆರೆಯಬಾರದು, ರಕ್ತ ಬೆಳಕನ್ನು ಹೀರಿಕೊಳ್ಳುತ್ತೆ. ಕೆಲವು ಕಡೆ ಸಣ್ಣ ಸೂಜಿಗಳ ರೋಲರ್ರೋ ಫ್ರಾಕ್ಷನಲ್ ಲೇಸರ್ರೋ ಬಳಸಿ ಸೂಕ್ಷ್ಮ ತೂತು ಮಾಡಿ ಕ್ರೀಮ್ ಹಚ್ಚುತ್ತಾರೆ.

ಇನ್ನೊಂದು ವಿಷಯ. ಕ್ರೀಮ್ ಇಳಿದರೆ ಮುಗಿಯಲಿಲ್ಲ. ಜೀವಕೋಶಗಳು ಅದನ್ನು ಪ್ರೋಟೋಪಾರ್ಫಿರಿನ್ ಆಗಿ ಬದಲಾಯಿಸಬೇಕು, ಬೆಳಕಿಗೆ ಕೆರಳೋದು ಅದು. ಚರ್ಮ ತಣ್ಣಗಿದ್ದರೆ ಆ ಕೆಲಸ ನಿಧಾನ. ಹಾಗಾಗಿ ಕಟ್ಟು ಹಾಕಿದ ಮೂರು ಗಂಟೆ ಕಾಲನ್ನು ಬೆಚ್ಚಗೆ ಹೊದಿಸಿ ಕೂರಿಸಿ. ಕಟ್ಟು ಬಿಚ್ಚಿದ ಮೇಲೆ ವುಡ್ಸ್ ದೀಪ (ನೇರಳಾತೀತ ಬೆಳಕಿನ ದೀಪ) ಹಿಡಿಯಲು ಕೇಳಿ. ಔಷಧಿ ಕೆಲಸ ಮಾಡಿದ ಜಾಗ ಕತ್ತಲಲ್ಲಿ ಕೆಂಪಾಗಿ ಹೊಳೆಯುತ್ತೆ. ಒಬ್ಬರ ಮಚ್ಚೆ ಪೂರ್ತಿ ಹೊಳೀತಿತ್ತು, ಹಕ್ಕಳೆ ಉಳಿದ ಒಂದು ಚುಕ್ಕೆ ಮಾತ್ರ ಕಪ್ಪಗಿತ್ತು. ಆ ಚುಕ್ಕೆ ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಉತ್ತರ 2:
ನನಗೂ ಹಣೆಗೆ ಮಾಡಿದ್ದರು. ಮೊದಲ ಎರಡು–ಮೂರು ನಿಮಿಷದ ಉರಿಯೇ ಜಾಸ್ತಿ. ತಣ್ಣೀರು ಸ್ಪ್ರೇ ಮಾಡಿದರು, ಫ್ಯಾನ್ ಹಿಡಿದರು, ನಡುವೆ ಒಮ್ಮೆ ದೀಪ ನಿಲ್ಲಿಸಿದರು. ಅಮ್ಮ ಹೋದ ಸಲ ಅತ್ತಿದ್ದನ್ನು ಮುಂಚೆಯೇ ಹೇಳಿ, ಮರಗಟ್ಟಿಸುವ ಇಂಜೆಕ್ಷನ್ ಕೊಡಬಹುದಾ ಅಂತ ಕೇಳಿ. ಆಮೇಲೆ ಎರಡು ದಿನ ಆ ಜಾಗವನ್ನು ಬಿಸಿಲಿಗೆ ಒಡ್ಡಬೇಡಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯ್ತು ಸಿಸ್ಟರ್. ಔಷಧಿ ಚೆನ್ನಾಗಿ ಇಳಿದರೆ ದಪ್ಪ ಗಡ್ಡೆಗೂ ಇದೇ ಆಗುತ್ತಾ?

ಉತ್ತರ 1:
ಇಲ್ಲ. ಬೆಳಕೂ ಔಷಧಿಯೂ ಒಂದೆರಡು ಮಿಲಿಮೀಟರ್‌ಗಿಂತ ಆಳಕ್ಕೆ ಸಾಕಷ್ಟು ತಲುಪಲ್ಲ. ಮೆಲನೋಮಾ ಅನ್ನೋ ಅಪಾಯಕಾರಿ ಚರ್ಮದ ಕ್ಯಾನ್ಸರ್‌ಗೆ ಇದು ಚಿಕಿತ್ಸೆಯೇ ಅಲ್ಲ. ಉಳಿದ ಆ ಜಾಗ ಗಟ್ಟಿಯಾಗಿದೆಯಾ, ಉಬ್ಬಿದೆಯಾ? ಹಾಗಿದ್ದರೆ ಕೆರೆಯುವ ಮುಂಚೆ ಇನ್ನೊಂದು ಬಯಾಪ್ಸಿ ಬೇಕಾ ಅಂತ ಡಾಕ್ಟರನ್ನು ಕೇಳಿ.