ಕೋಟೆ ಮನೆ ಗ್ರೂಪಿನಲ್ಲಿ ಸಿಂಚನಾಳ ಸೀಟು

ಭಾನುವಾರ ಬೆಳಿಗ್ಗೆ ಅಣ್ಣ ನಮ್ಮ ‘ಕೋಟೆ ಮನೆ’ ಗ್ರೂಪಿಗೆ ಒಂದು ಫೋಟೋ ಹಾಕಿದ. ಮಗಳು ಸಿಂಚನಾಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ಎ. ಸೀಟು ಸಿಕ್ಕ ಪತ್ರ. ವಿಷಯ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವ. ಮೊದಲು ಎಲ್ಲರೂ ಹೂಗುಚ್ಛ ಕಳಿಸಿದರು. ಆಮೇಲೆ ಚಿತ್ರದುರ್ಗದಿಂದ ದೊಡ್ಡಣ್ಣ ಬಂದರು. ನಾನು ಇಲ್ಲಿ ದಾವಣಗೆರೆಯಲ್ಲಿ ಮಂಡಕ್ಕಿ ಒಗ್ಗರಣೆಗೆ ಇಟ್ಟಿದ್ದವಳು ಒಲೆ ಆರಿಸಿ ಕುಳಿತೆ.

ದೊಡ್ಡಣ್ಣ: ಸಂತೋಷ ಪುಟ್ಟಿ. ಆದರೆ ಮೈಸೂರು ಯಾಕೆ? ಜಿ.ಆರ್. ಹಳ್ಳಿಯಲ್ಲೇ ದಾವಣಗೆರೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇದೆ. ಅಲ್ಲಿ ಯಾವುದಾದರೂ ಎಂ.ಎ. ಮಾಡು. ತಿಂಡಿ ತಿಂದು ಹೋಗಿ ಸಂಜೆ ಮನೆಗೆ ಬರಬಹುದು. 2009ರಲ್ಲಿ ನಮ್ಮ ಕಡೆಗೆ ವಿಶ್ವವಿದ್ಯಾಲಯ ಬಂದದ್ದು ಯಾರಿಗಾಗಿ?

ಅತ್ತಿಗೆ: ನಾನೂ ಅದನ್ನೇ ಹೇಳಿದೆ ಭಾವ. ಹಾಸ್ಟೆಲ್ ಊಟ ಇವಳಿಗೆ ಆಗಲ್ಲ.

ಮಾತು ಸುಳ್ಳಲ್ಲ. ನಾನು ಓದಿದ್ದು ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯ. ಅದೇನು ಅಷ್ಟು ದೂರವಲ್ಲ, ಆದರೂ ಮೊದಲ ತಿಂಗಳು ಅತ್ತದ್ದು ನನಗೇ ಗೊತ್ತು.

ಸಿಂಚನಾ: ದೊಡ್ಡಪ್ಪ, ನನಗೆ ಬೇಕಾದದ್ದು ಯಾವುದಾದರೂ ಎಂ.ಎ. ಅಲ್ಲ. ಅಗೆದು ನೋಡುವುದನ್ನು ಕಲಿಯಬೇಕು. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯನ್ನು 1929ರಲ್ಲಿ ಅಗೆಸಿದ್ದು ಎಂ.ಎಚ್. ಕೃಷ್ಣ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇತಿಹಾಸದ ಪ್ರೊಫೆಸರ್ ಆಗಿದ್ದವರು. ಶಾತವಾಹನರ ನಾಣ್ಯ, ರೋಮನ್ ನಾಣ್ಯ ಎಲ್ಲ ಸಿಕ್ಕಿದ್ದು ಅಲ್ಲೇ. ನಾವು ಅದೇ ಜಾಗಕ್ಕೆ ಹೋಗಿ ಮಂಡಕ್ಕಿ ಮಿರ್ಚಿ ತಿಂದು ಬರುತ್ತೇವೆ.

ದೊಡ್ಡಣ್ಣ: ಆ ಕಾಲದ ಪ್ರೊಫೆಸರ್ ಎದ್ದು ಬಂದು ನಿನಗೆ ಪಾಠ ಮಾಡುತ್ತಾರಾ?

ಹತ್ತು ನಿಮಿಷ ಉತ್ತರವಿಲ್ಲ. ‘ಟೈಪಿಂಗ್’ ಎಂದು ಕಾಣುವುದು, ಮಾಯವಾಗುವುದು. ಪ್ರಶ್ನೆ ಸರಿಯಾಗೇ ಇದೆ ಎನ್ನಿಸಿತು ನನಗೆ. ಹಳೆಯ ಹೆಸರು ನೋಡಿ ಸೇರಿ, ಆಮೇಲೆ ಪರಿತಪಿಸುವವರೇ ಜಾಸ್ತಿ.

ಸಿಂಚನಾ: ಮಾಡುವುದಿಲ್ಲ. ಅದಕ್ಕೇ 1916ರಿಂದ ಇದೆ, ಹಳೆಯದು ಅಂತ ನಾನು ಹೇಳಲೇ ಇಲ್ಲ. ಅಲ್ಲಿ ಹೋದರೆ ಕೈಗೆ ಏನು ಸಿಗುತ್ತದೆ ನೋಡಿ. ಪ್ರಾಚ್ಯವಿದ್ಯಾ ಸಂಶೋಧನಾಲಯ ಅದೇ ವಿಶ್ವವಿದ್ಯಾಲಯದ್ದು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು 1905ರಲ್ಲಿ ಶಾಮಶಾಸ್ತ್ರಿಗಳು ಗುರುತಿಸಿದ್ದು ಅಲ್ಲಿಯೇ. ಕೇಂದ್ರ ಪುರಾತತ್ತ್ವ ಇಲಾಖೆಯ ಶಾಸನ ವಿಭಾಗ ಇರುವುದೂ ಮೈಸೂರಿನಲ್ಲೇ. ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರಲ್ಲ, ಅಂಥವು ಅಲ್ಲಿ ರಾಶಿ ರಾಶಿ ಇವೆ. ನಾನು ಡಿಗ್ರಿಯಲ್ಲಿ ಮೂರು ವರ್ಷ ಗೈಡ್ ಓದಿ ಪಾಸಾದೆ. ಒಂದೇ ಒಂದು ಪಡಿಯಚ್ಚು ಮುಟ್ಟಿಲ್ಲ.

ದೊಡ್ಡಣ್ಣ: ಕೆಲಸ?

ಸಿಂಚನಾ: ಕಷ್ಟ ಇದೆ. ಲೆಕ್ಚರರ್ ಆಗಲು ನೆಟ್ ಪರೀಕ್ಷೆ ಬರೆಯಬೇಕು. ಸುಮ್ನೆ ನಿಮಗೆ ಸುಳ್ಳು ಯಾಕೆ ಹೇಳಲಿ?

ಅಷ್ಟುದ್ದ ಬರೆದದ್ದಕ್ಕಿಂತ ಈ ಒಂದು ಸಾಲು ನನಗೆ ಹಿಡಿಸಿತು. ತಡೆಯಲಾಗದೆ ನಾನೂ ಬಾಯಿ ಹಾಕಿದೆ.

ನಾನು: ಚಂದ್ರವಳ್ಳಿಯಲ್ಲಿ ಕದಂಬ ರಾಜ ಮಯೂರಶರ್ಮನ ಶಾಸನ ಇದೆ ಅಲ್ವಾ? ಅವನೂ ಓದಲು ಊರು ಬಿಟ್ಟವನೇ. ತಾಳಗುಂದದಿಂದ ಕಂಚಿಗೆ ಹೋಗಿದ್ದ.

ದೊಡ್ಡಣ್ಣ: ಹೋಗಿ? ಅಲ್ಲಿ ಕುದುರೆ ಸವಾರನ ಜೊತೆ ಜಗಳ ಆಡಿ ಓದು ಬಿಟ್ಟ. ಒಳ್ಳೆ ಉದಾಹರಣೆ ಕೊಟ್ಟೆ ನೀನು!

ಸಿಂಚನಾ: ಆಮೇಲೆ ರಾಜ್ಯ ಕಟ್ಟಿದ ದೊಡ್ಡಪ್ಪ. ಅವನ ಜೊತೆ ಹೋಗಿದ್ದು ಗುರು ವೀರಶರ್ಮ. ಅವರು ಅವನ ಅಜ್ಜನೇ ಅಂತ ಹೇಳುತ್ತಾರೆ.

ಆಗ ಅಪ್ಪನ ವಾಯ್ಸ್ ಮೆಸೇಜ್ ಬಂತು. ಗ್ರೂಪಿನಲ್ಲಿ ಅವರು ಮಾತಾಡುವುದೇ ವರ್ಷಕ್ಕೊಮ್ಮೆ. ಹಿಂದೆ ಫ್ಯಾನಿನ ಸದ್ದು. “ಅಜ್ಜ ಹೋಗಿದ್ನಾ? ಹಂಗಾದ್ರೆ ನಾನೂ ಬರ್ತೀನಿ. ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು ಹಿಡೀರಿ.”

ಅತ್ತಿಗೆ: ಮೊದಲು ಹಾಸ್ಟೆಲ್ ನೋಡಿಕೊಂಡು ಬರೋಣ ಮಾವ.

ದೊಡ್ಡಣ್ಣ: ಅಪ್ಪನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಬೇಡಿ. ಕಾರು ನಾನು ತರುತ್ತೇನೆ. ಒಪ್ಪಿದ್ದೇನೆ ಅಂತಲ್ಲ.