ಆಟೊ ಬರದ ಗಲ್ಲಿಯಲ್ಲಿ ಕಸದ ವ್ಯವಸ್ಥೆ: ಅನುಭವ ಇದ್ದವರು ಹೇಳಿ

ಬೆಂಗಳೂರಿನ ಶ್ರೀರಾಮಪುರದಲ್ಲಿ ನಮ್ಮದೊಂದು ಸಣ್ಣ ಗಲ್ಲಿ. ಒಂದೊಂದು ಕಟ್ಟಡದಲ್ಲೂ ನಾಲ್ಕೈದು ಬಾಡಿಗೆ ಮನೆ. ಕಸದ ಆಟೊ ಒಳಗೆ ಬರಲ್ಲ, ಮೇನ್ ರೋಡಲ್ಲೇ ನಿಲ್ಲುತ್ತೆ. ಬೆಳಗ್ಗೆ ಕೆಲಸಕ್ಕೆ ಹೋಗೋರು ಟ್ರಾನ್ಸ್‌ಫಾರ್ಮರ್ ಪಕ್ಕ ಕವರ್ ಎಸೆದು ಹೋಗ್ತಾರೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಅಂದ್ರೆ "ಜಾಗ ಎಲ್ಲಿದೆ" ಅಂತಾರೆ. ನಾವೊಂದಷ್ಟು ಹೆಂಗಸರು ಸೇರಿ ಏನಾದ್ರೂ ಮಾಡ್ಬೇಕು ಅಂತಿದ್ದೀವಿ. ಎಲ್ಲಿಂದ ಶುರು ಮಾಡೋದು?

ಯಶವಂತಪುರದಿಂದ:

ಅಕ್ಕ, ನಮ್ಮದೂ ಇದೇ ಥರದ ಗಲ್ಲಿ. ಬೇರ್ಪಡಿಸೋ ಪಾಠ ಆಮೇಲೆ. ಕಸ ಯಾರ ಕೈಯಿಂದ ಯಾರ ಕೈಗೆ, ಎಷ್ಟು ಹೊತ್ತಿಗೆ ಹೋಗ್ಬೇಕು ಅನ್ನೋದನ್ನ ಮೊದಲು ತೀರ್ಮಾನ ಮಾಡ್ಕೊಳ್ಳಿ. ನಮ್ಮಲ್ಲಿ ಮೂಲೆಗೆ ಎಸೀತಿದ್ದೋರು ಹೆಚ್ಚಾಗಿ ಗಾರ್ಮೆಂಟ್ಸ್‌ಗೆ, ಮನೆಗೆಲಸಕ್ಕೆ ಹೋಗೋರು. ಆಟೊ ಬರೋ ಹೊತ್ತಿಗೆ ಅವರ ಮನೆಗೆ ಬೀಗ. ಅಂಥವರಿಗೆ ಬೈದು ಏನು ಪ್ರಯೋಜನ? ಕಟ್ಟಡಕ್ಕೊಬ್ಬರಂತೆ ಹಗಲು ಮನೇಲಿರೋರನ್ನ ಕೇಳ್ಕೊಂಡ್ವಿ. ಮೆಟ್ಟಿಲ ಕೆಳಗೆ, ನಾಯಿಗೆ ಎಟುಕದಷ್ಟು ಎತ್ತರಕ್ಕೆ ಮೊಳೆ ಹೊಡೆದು ಎಲ್ಲರ ಬಕೆಟ್ಟೂ ನೇತು ಹಾಕಿದ್ವಿ. ಆಟೊ ಬಂದಾಗ ಅವರೇ ತಗೊಂಡು ಹೋಗಿ ಸುರಿದು ಬರ್ತಾರೆ. ಪ್ರತಿ ಬಕೆಟ್ ಮೇಲೂ ಮನೆ ನಂಬರ್ ಬರೆದ ಮೇಲೆ ಬೆರೆಸಿ ಹಾಕೋದು ತಾನಾಗೇ ಕಡಿಮೆ ಆಯ್ತು.

ಜಾಗ ಇಲ್ಲ ಅನ್ನೋರಿಗೆ ಒಂದು ಸಲ ಮಾಡಿ ತೋರಿಸಿ. ದಿನಾ ಖಾಲಿ ಆಗಬೇಕಾದ್ದು ಹಸಿ ಕಸ ಮಾತ್ರ, ಅದಕ್ಕೆ ಸಣ್ಣ ಬಕೆಟ್ ಸಾಕು. ಒಣ ಕಸಕ್ಕೆ ಅಕ್ಕಿ ಚೀಲ ಬಾಗಿಲ ಹಿಂದೆ ನೇತು ಹಾಕಿದ್ರೆ ವಾರ ಕಳೆಯುತ್ತೆ. ಹಾಲಿನ ಪ್ಯಾಕೆಟ್ ಮೂಲೆಯನ್ನ ಪೂರ್ತಿ ಕತ್ತರಿಸಬೇಡಿ, ಅಂಟಿಕೊಂಡೇ ಇರಲಿ. ಆ ಚೂರು ಉದುರಿದ್ರೆ ಮತ್ತೆ ಯಾರ ಕೈಗೂ ಸಿಗಲ್ಲ. ತೊಳೆದು ಕ್ಲಿಪ್ ಹಾಕಿ ಒಣಗಿಸಿದ್ರೆ ಚೀಲ ನಾರಲ್ಲ. ಪ್ಯಾಡ್, ಡಯಾಪರ್ ಮಾತ್ರ ಪೇಪರಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆ ಕೊಡಿ. ಅದನ್ನ ಬಿಚ್ಚಿ ನೋಡೋ ಸ್ಥಿತಿ ಪೌರಕಾರ್ಮಿಕರಿಗೆ ಬರಲೇಬಾರದು.

ಹಸಿ ಕಸಕ್ಕೊಂದು, ಪ್ಯಾಡ್-ಡಯಾಪರ್‌ಗೊಂದು ಅಂತ ಎರಡು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ, ಈ ಪದ್ಧತಿ ಬೆಂಗಳೂರಿಗೆ ಕಡ್ಡಾಯ ಅಂತ ಹೈಕೋರ್ಟ್ 2015ರ ಡಿಸೆಂಬರಲ್ಲೇ ಹೇಳಿದೆ. ಆದ್ರೆ ನಮ್ಮ ಬಾಡಿಗೆದಾರರಿಗೆ ನಾಟಿದ್ದು ಕೋರ್ಟಿನ ಮಾತಲ್ಲ, ಮಂಡೂರಿನ ಕಥೆ. ಊರಿನ ಪಕ್ಕದಲ್ಲೇ ನಗರದ ಕಸ ಬೆಟ್ಟವಾಗಿ, ಅಲ್ಲಿನ ಜನ ದಾರಿಗಿಳಿದು ಹೋರಾಡಿ, 2014ರ ಕೊನೆಗೆ ಲಾರಿಗಳು ನಿಂತವು. ನಮ್ಮ ಮನೆಯ ಅನ್ನ-ಸಾರು ಪ್ಲಾಸ್ಟಿಕ್ ಜೊತೆ ಕೊಳೆತು ಬೇರೆಯವರ ನೀರು ಕೆಡಿಸುತ್ತೆ ಅನ್ನೋದು, ಹಳ್ಳಿ ಬಿಟ್ಟು ಬಂದೋರಿಗೆ ಚೆನ್ನಾಗೇ ಅರ್ಥ ಆಗುತ್ತೆ.

ರಾಜಾಜಿನಗರದಿಂದ:

ಮೇಲಿನವರು ಹೇಳಿದ್ದು ಸರಿ. ಸೇರಿಸೋದು ಇಷ್ಟೇ: ರಂಗೋಲಿ, ಹೂಕುಂಡ ಇಟ್ಟ ಮಾತ್ರಕ್ಕೆ ಬ್ಲ್ಯಾಕ್ ಸ್ಪಾಟ್, ಅಂದ್ರೆ ಜನ ಕಸ ಎಸೆಯೋ ಮೂಲೆ, ಹೋಗಲ್ಲ. ಮೊದಲ ಕೆಲವು ವಾರ ಬೆಳಗ್ಗೆಯೂ ರಾತ್ರಿಯೂ ಅಲ್ಲಿ ಯಾರಾದ್ರೂ ನಿಂತಿರಬೇಕು. ನಮ್ಮಲ್ಲಿ ಗಾಡಿ ನಿಲ್ಲಿಸದೇ ಎಸೆದು ಹೋಗ್ತಿದ್ದೋರು ಪಕ್ಕದ ಬಡಾವಣೆಯವರು! ಜಗಳ ಆಡಲಿಲ್ಲ, "ಆಟೊ ಇಷ್ಟು ಗಂಟೆಗೆ ಬರುತ್ತೆ, ಅಲ್ಲೇ ಕೊಡಿ ಸರ್" ಅಂತ ಕವರ್ ವಾಪಸ್ ಕೈಗಿತ್ತೆವು. ಆಯುಧಪೂಜೆ ಹಿಂದಿನ ದಿನವೇ ಬಾಳೆಕಂದು, ಬೂದುಗುಂಬಳಕ್ಕೆ ಒಂದು ಜಾಗ ಗೊತ್ತು ಮಾಡಿ, ಪೌರಕಾರ್ಮಿಕರಿಗೂ ತಿಳಿಸಿಡಿ. ಇಲ್ಲದಿದ್ರೆ ಅಷ್ಟು ದಿನದ ಶ್ರಮ ಒಂದೇ ರಾತ್ರಿಗೆ ಮಣ್ಣುಪಾಲು.

ತಾರಸಿ ಇರೋ ಮನೆಯವರೊಬ್ಬರು:

ಮಾಲೀಕರು ಒಪ್ಪಿದ್ರೆ ತಾರಸಿ ಮೇಲೆ ಗೊಬ್ಬರ ಮಾಡಿ, ಆಟೊಗೆ ಹೊರೋ ಭಾರ ಅರ್ಧಕ್ಕರ್ಧ ಇಳಿಯುತ್ತೆ. ತೂತಿರೋ ಮಣ್ಣಿನ ಕುಂಡ, ತಳಕ್ಕೆ ಒಣ ಎಲೆ. ದಿನದ ಸಿಪ್ಪೆ ಹಾಕಿದಷ್ಟೂ ಸಲ ಮೇಲೆ ತೆಂಗಿನ ನಾರಿನ ಪುಡಿಯೋ ಎಲೆಯೋ ಮುಚ್ಚಬೇಕು, ಮೊದಮೊದಲು ಒಂದಿಷ್ಟು ಹುಳಿ ಮಜ್ಜಿಗೆ ಚಿಮುಕಿಸಿ. ವಾಸನೆ ಬಂದ್ರೆ ನೀರು ಜಾಸ್ತಿ ಆಗಿದೆ ಅಂತ ಅರ್ಥ. ಒಣ ಎಲೆ ಹಾಕಿ ಕೆದಕಿ. ಬಿಳಿ ಹುಳ ಕಂಡ್ರೆ ಹೆದರಿ ಸುರೀಬೇಡಿ, ಅವೂ ಕೆಲಸ ಮಾಡ್ತಿರುತ್ತವೆ. ಸಾರಿನ ನೀರು, ಮೂಳೆ ಬೇಡ. ಒಣ ಕಸಕ್ಕೆ ನಿಮ್ಮ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಒಮ್ಮೆ ಹೋಗಿ, ಯಾವುದು ತಗೋತಾರೆ, ಯಾವುದು ಇಲ್ಲ ಅಂತ ಅಲ್ಲಿ ಆಯೋರನ್ನೇ ಕೇಳಿ. ಅವರಷ್ಟು ತಿಳಿದವರು ಬೇರೆ ಇಲ್ಲ.